ಎರಡನೆಯ ಸಲ ತಟ್ಟಿದಾಗ

“ಗುರುಗಳೇ, ನನ್ನ ಚಿತ್ರದಲ್ಲಿ ಒಂದು ತಪ್ಪೂ ಉಳಿದಿಲ್ಲ. ಹಕ್ಕಿಯ ಮೇಲೆ ಬೆರಳಿಟ್ಟರೆ ಸಾಕು, ಹಾರುತ್ತದೆ. ಆದರೂ ಜನ ಒಮ್ಮೆ ಮುಟ್ಟಿ ನೋಡಿ ಎದ್ದು ಹೋಗುತ್ತಾರೆ. ಅದರಲ್ಲಿ ಏನು ಕಮ್ಮಿಯಾಗಿದೆ?” ಎಂದು ಶಿಷ್ಯ ಕೇಳಿದ.

ಗುರು ಕಂಪ್ಯೂಟರಿನ ಪರದೆಯ ಮೇಲೆ ಚಲಿಸುವ ಚಿತ್ರಗಳನ್ನು ಮಾಡಲು ಕಲಿಸುತ್ತಿದ್ದವರು. ಅವರು ಹಕ್ಕಿಯನ್ನು ಮುಟ್ಟಿದರು. ಅದು ಹಾರಿತು. ಅವರು ಮತ್ತೆ ಮುಟ್ಟಲಿಲ್ಲ. ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಚಿತ್ರಕಾರನಿದ್ದ. ನಿನ್ನ ಹಾಗೆಯೇ ಪರದೆಯ ಮೇಲೆ ಬರೆಯುವವನು. ಅವನ ಬಳಿಗೆ ಒಬ್ಬ ವ್ಯಾಪಾರಿ ಬಂದ. ವ್ಯಾಪಾರಿಯ ಹೆಂಡತಿ ತೀರಿಕೊಂಡು ವರ್ಷ ಕಳೆದಿತ್ತು.

“ನನ್ನ ಹೆಂಡತಿಯನ್ನು ಬರೆದುಕೊಡಬೇಕು” ಎಂದ ವ್ಯಾಪಾರಿ.

“ಭಾವಚಿತ್ರವೇ, ಯಜಮಾನರೇ?”

“ಫೋಟೋ ಗೋಡೆಯ ಮೇಲಿದೆ. ಅದು ಇಡೀ ದಿನ ನನ್ನನ್ನೇ ನೋಡುತ್ತಿರುತ್ತದೆ. ಅವಳು ಹಾಗೆ ನೋಡುತ್ತಾ ನಿಲ್ಲುವವಳಲ್ಲಪ್ಪ, ಅವಳಿಗೆ ಕೆಲಸವಿತ್ತು. ನಾನು ತಟ್ಟಿದರೆ ಅವಳು ಬರಬೇಕು. ಅಷ್ಟೆ.”

ವ್ಯಾಪಾರಿಯ ಮನೆಯಲ್ಲಿ ಗಂಡ ಹೆಂಡತಿಯನ್ನು ಹೆಸರು ಹಿಡಿದು ಕರೆಯುವ ರೂಢಿ ಇರಲಿಲ್ಲ. ಮದುವೆಯಾದ ಹೊಸತರಲ್ಲಿ ಪಡಸಾಲೆಯಲ್ಲಿ ಹಿರಿಯರು ಕೂತಿರುತ್ತಿದ್ದರು. ಅವರ ಎದುರು ಹೆಂಡತಿಯನ್ನು ಕೂಗಲು ನಾಚಿ, ವ್ಯಾಪಾರಿ ನಡುಮನೆಯ ಬಾಗಿಲ ಚೌಕಟ್ಟನ್ನು ಬೆರಳ ಗೆಣ್ಣಿನಿಂದ ಒಮ್ಮೆ ತಟ್ಟುತ್ತಿದ್ದ. ಒಳಗಿನಿಂದ ಅವಳು ಬರುತ್ತಿದ್ದಳು. ಹಿರಿಯರು ಹೋದರು, ನಾಚಿಕೆ ಹೋಯಿತು. ತಟ್ಟುವುದು ಮಾತ್ರ ಉಳಿಯಿತು.

“ಅವರು ಹೇಗೆ ಬರುತ್ತಿದ್ದರು?” ಎಂದು ಚಿತ್ರಕಾರ ಕೇಳಿದ.

“ಹೇಗೆ ಅಂದರೆ? ಬರುತ್ತಿದ್ದಳು.”

“ಯಾವ ಕಡೆ ನೋಡುತ್ತಾ? ಕೈ ಎಲ್ಲಿರುತ್ತಿತ್ತು?”

ವ್ಯಾಪಾರಿ ಎದ್ದ. ಬಾಗಿಲಾಚೆ ಹೋದ. ಅವನು ದಪ್ಪ ಮೈಯವನು, ಮುಖದ ತುಂಬ ಮೀಸೆ. ಹೆಗಲ ಮೇಲಿನ ಟವಲಿನ ಅಂಚಿಗೆ ಕೈ ಒರೆಸಿಕೊಳ್ಳುತ್ತಾ ಈಚೆ ಬಂದ. ಭುಜವನ್ನು ಚೌಕಟ್ಟಿಗೆ ಆನಿಸಿ ನಿಂತ. ಗದ್ದವನ್ನು ತುಸು ಮೇಲೆತ್ತಿ, ಏನು ಎನ್ನುವಂತೆ ನೋಡಿದ. ಚಿತ್ರಕಾರನಿಗೆ ನಗು ಬರಬೇಕಾಗಿತ್ತು. ಬರಲಿಲ್ಲ. ಅವನು ನೋಡಿದ್ದನ್ನೇ ಬರೆದುಕೊಂಡ.

ಪರದೆಯ ಮೇಲಿನ ಕ್ಯಾನ್ವಾಸಿಗೆ ನೆನಪಿಲ್ಲ ಎಂಬುದು ನಿನಗೆ ಗೊತ್ತು. ಬರೆದದ್ದು ಬಾಗಿಲೋ ಹೆಣ್ಣೋ ಅದಕ್ಕೆ ತಿಳಿಯದು. ಅದರ ಪಾಲಿಗೆ ಎಲ್ಲವೂ ಬಣ್ಣದ ಚುಕ್ಕಿ. ಕ್ಷಣಕ್ಷಣವೂ ಅಳಿಸುತ್ತದೆ, ಹೊಸದಾಗಿ ಬರೆಯುತ್ತದೆ. ಇದು ಬಾಗಿಲು, ಇದರ ಹಿಂದೆ ಒಬ್ಬಳಿದ್ದಾಳೆ, ಇಲ್ಲಿ ತಟ್ಟಿದರೆ ಅವಳಿಗೆ ಕೇಳಬೇಕು ಎಂದು ನೆನಪಿಡುವುದು ಜಾವಾಸ್ಕ್ರಿಪ್ಟಿನ ಲೈಬ್ರರಿ, ಕಂಪ್ಯೂಟರಿನ ಭಾಷೆಯಲ್ಲಿ ಯಾರೋ ಮೊದಲೇ ಬರೆದಿಟ್ಟ ಸೂಚನೆಗಳ ಕಟ್ಟು. ಅಂಥದೊಂದು ಲೈಬ್ರರಿಯನ್ನು ಹಿಡಿದು ಚಿತ್ರಕಾರ ಕೆಲಸ ಮಾಡಿದ. ನಿಯಮ ಸರಳವಾಗಿತ್ತು. ಚೌಕಟ್ಟನ್ನು ತಟ್ಟಿದರೆ ಅವಳು ಹೊರಗೆ ಬರಬೇಕು. ಮತ್ತೆ ತಟ್ಟಿದರೆ ಒಳಗೆ ಹೋಗಬೇಕು.

ಚಿತ್ರ ಹಾಕಿಕೊಟ್ಟ ಟ್ಯಾಬನ್ನು ವ್ಯಾಪಾರಿ ಮಡಿಲಲ್ಲಿಟ್ಟುಕೊಂಡು ತಟ್ಟಿದ. ಅವಳು ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದಳು, ಚೌಕಟ್ಟಿಗೆ ಒರಗಿದಳು, ಗದ್ದ ಎತ್ತಿ ನೋಡಿದಳು. ವ್ಯಾಪಾರಿ ಟ್ಯಾಬನ್ನು ಟವಲಿನಲ್ಲಿ ಸುತ್ತಿಕೊಂಡು ಮನೆಗೆ ಹೋದ.

ವಾರ ಕಳೆಯುವ ಮೊದಲೇ ತಿರುಗಿ ಬಂದ. “ಬಹಳ ಬೇಗ ಬರುತ್ತಾಳೆ. ಬಾಗಿಲ ಹಿಂದೆಯೇ ನಿಂತು ಕಾದವಳ ಹಾಗೆ. ಒಲೆಯ ಮುಂದೆ ಕೂತವಳು ಏಳುವುದು ಬೇಡವೇ?”

ಚಿತ್ರಕಾರ ತಟ್ಟಿದ್ದಕ್ಕೂ ಬರುವುದಕ್ಕೂ ನಡುವೆ ತುಸು ಹೊತ್ತು ಇಟ್ಟ. ಆ ಹೊತ್ತು ಒಂದು ಸಲ ಇದ್ದಷ್ಟೇ ಇನ್ನೊಂದು ಸಲ ಇರದಂತೆಯೂ ಮಾಡಿದ. ವ್ಯಾಪಾರಿಗೆ ಒಪ್ಪಿಗೆಯಾಯಿತು. ಸಂಜೆ ಅಂಗಡಿಯಿಂದ ಬಂದವನು ತಟ್ಟಿ ಕೂರುತ್ತಿದ್ದ. ಈಗ ಅವನಿಗೆ ಕಾಯಲು ಸಾಧ್ಯವಾಯಿತು. ಖಾಲಿ ಬಾಗಿಲನ್ನು ನೋಡುತ್ತಾ, ಒಳಗೆ ಅವಳು ಈಗ ಪಾತ್ರೆ ಇಳಿಸುತ್ತಿರಬೇಕು, ಈಗ ಎದ್ದಿರಬೇಕು ಎಂದುಕೊಳ್ಳುತ್ತಿದ್ದ. ಅವಳು ಬಂದ ಮೇಲಿನ ಹೊತ್ತಿಗಿಂತ ಬರುವ ಮೊದಲಿನ ಈ ಹೊತ್ತೇ ಅವನಿಗೆ ಹೆಚ್ಚು ಬೇಕಾಯಿತು.

ಒಂದು ಸಂಜೆ ತಟ್ಟಿದ. ತಡವಾಯಿತು ಅನ್ನಿಸಿ ಇನ್ನೊಮ್ಮೆ ತಟ್ಟಿದ. ಅವಳು ಬರಲಿಲ್ಲ. ದೀಪ ಹಚ್ಚುವ ಹೊತ್ತಾಯಿತು, ಆಗಲೂ ಬರಲಿಲ್ಲ.

ಬೆಳಿಗ್ಗೆ ವ್ಯಾಪಾರಿ ತಂದ ಟ್ಯಾಬನ್ನು ಚಿತ್ರಕಾರ ತೆಗೆದು ನೋಡಿದ. ತಪ್ಪು ಅವನದೇ. ನಡುವೆ ಹೊತ್ತು ಇಡುವಾಗ ಹಳೆಯ ನಿಯಮವನ್ನು ಮರೆತಿದ್ದ. ಅವಳು ಹೊರಡುವ ಮೊದಲೇ ಎರಡನೆಯ ಸಲ ತಟ್ಟಿದರೆ, ಒಳಗೆ ಹೋಗು ಎಂದ ಹಾಗಾಗುತ್ತಿತ್ತು. ಅವಳು ಒಳಗೇ ಉಳಿಯುತ್ತಿದ್ದಳು.

“ಕ್ಷಮಿಸಿ ಯಜಮಾನರೇ, ನಾನು ಕಾಣದೆ ಬಿಟ್ಟ ತಪ್ಪು. ಈಗಲೇ ಸರಿಮಾಡಿಕೊಡುತ್ತೇನೆ.”

ವ್ಯಾಪಾರಿ ಟ್ಯಾಬನ್ನು ಅವನ ಕೈಯಿಂದ ಕಿತ್ತುಕೊಂಡ. “ಮುಟ್ಟಬೇಡ! ಅವಳು ಇದ್ದದ್ದೇ ಹಾಗೆ. ಎರಡನೆಯ ಸಲ ತಟ್ಟಿದರೆ ಬರುತ್ತಲೇ ಇರಲಿಲ್ಲ. ‘ನಾನೇನು ನಿಮ್ಮ ಅಂಗಡಿಯ ಆಳಾ? ಕೇಳಿಸಿದೆ, ಕಿವಿ ಇದೆ’ ಅಂತ ಒಳಗಿನಿಂದಲೇ ಅನ್ನುತ್ತಿದ್ದಳು. ನಾನಿದನ್ನು ನಿನಗೆ ಹೇಳಿದ್ದೆನೇ?”

“ಇಲ್ಲ.”

“ನನಗೇ ಮರೆತುಹೋಗಿತ್ತು. ನಿನಗೆ ಯಾರು ಹೇಳಿದರು?”

ಯಾರೂ ಹೇಳಿರಲಿಲ್ಲ. ವ್ಯಾಪಾರಿ ಅಂದು ನಗುತ್ತಾ ಮನೆಗೆ ಹೋದ. ಅವನು ನಕ್ಕಿದ್ದನ್ನು ಚಿತ್ರಕಾರ ನೋಡಿದ್ದು ಅದೇ ಮೊದಲು.

ಅಲ್ಲಿಂದ ಮುಂದೆ ಆ ಮನೆಯಲ್ಲಿ ಗಂಡ ಹೆಂಡತಿಯ ಜಗಳ ಮತ್ತೆ ಶುರುವಾಯಿತು. ಕೆಲವು ಸಂಜೆ ವ್ಯಾಪಾರಿ ಬೇಕೆಂದೇ ಎರಡು ಸಲ ತಟ್ಟುತ್ತಿದ್ದ. ಅವಳು ಬರುತ್ತಿರಲಿಲ್ಲ. ಅವನು ಮೀಸೆ ತಿರುವುತ್ತಾ ಕೂರುತ್ತಿದ್ದ. ಆಮೇಲೆ, “ಆಯಿತು ಮಾರಾಯ್ತಿ, ನನ್ನದೇ ತಪ್ಪು. ಅವಸರದ ಬುದ್ಧಿ” ಎಂದು ಖಾಲಿ ಬಾಗಿಲಿಗೆ ಹೇಳಿ, ಮೆಲ್ಲಗೆ ಒಮ್ಮೆ ತಟ್ಟುತ್ತಿದ್ದ. ಅವಳು ತನಗೆ ಬೇಕಾದಷ್ಟು ಹೊತ್ತು ತೆಗೆದುಕೊಂಡು ಬರುತ್ತಿದ್ದಳು.

ಕೆಲವು ಕಾಲದ ಮೇಲೆ ಟ್ಯಾಬು ಹಳೆಯದಾಯಿತು. ಚಿತ್ರವನ್ನು ಹೊಸದಕ್ಕೆ ಹಾಕಿಕೊಡು ಎಂದು ವ್ಯಾಪಾರಿ ಚಿತ್ರಕಾರನ ಬಳಿ ಬಿಟ್ಟುಹೋದ. ಕೆಲಸಕ್ಕೆಂದು ಬಿಚ್ಚಿದ ಚಿತ್ರಕಾರನ ಕಣ್ಣಿಗೆ ಆ ತಪ್ಪು ಮತ್ತೆ ಬಿತ್ತು. ತಪ್ಪನ್ನು ಕಂಡೂ ಬಿಡುವುದು ಅವನ ಕೈಗೆ ರೂಢಿಯಿರಲಿಲ್ಲ. ಪಾಪ, ಮುದುಕ ದುಃಖದಲ್ಲಿ ಏನೋ ಅಂದ, ಎರಡು ಸಲ ತಟ್ಟಿ ಕಾಯುತ್ತಾ ಕೂರುವುದು ಯಾವ ಸುಖ ಎಂದುಕೊಂಡ. ತಿದ್ದಿದ. ಅವಳು ಹೊರಡುವ ಮೊದಲು ಎಷ್ಟು ಸಲ ತಟ್ಟಿದರೂ ಹೊರಗೆ ಬರುವಂತೆ ಮಾಡಿದ. ತಿದ್ದಿದ್ದನ್ನು ಹೇಳಲಿಲ್ಲ.

ಹೊಸ ಟ್ಯಾಬು ಮನೆಗೆ ಬಂದ ಸಂಜೆ ವ್ಯಾಪಾರಿ ಎರಡು ಸಲ ತಟ್ಟಿದ. ಕಾಲು ಚಾಚಿ, ಗೋಡೆಗೆ ಒರಗಿ, ಹೇಳಬೇಕಾದ ಮಾತನ್ನು ಬಾಯಲ್ಲಿಟ್ಟುಕೊಂಡು ಕೂತ. ಅವಳು ಬಂದಳು. ಸೆರಗಿಗೆ ಕೈ ಒರೆಸಿಕೊಂಡಳು, ಗದ್ದ ಎತ್ತಿ ನೋಡಿದಳು. ಅವನು ತಪ್ಪಾಯಿತು ಎನ್ನುವ ಮೊದಲೇ ಬಂದಿದ್ದಳು. ಆ ಮಾತನ್ನು ಏನು ಮಾಡುವುದೆಂದು ಅವನಿಗೆ ತೋಚಲಿಲ್ಲ. ಮತ್ತೆ ಮತ್ತೆ ತಟ್ಟಿದ. ಅವಳು ಬಂದಳು, ಹೋದಳು, ಬಂದಳು.

ಮರುದಿನ ಟ್ಯಾಬನ್ನು ಚಿತ್ರಕಾರನ ಮುಂದಿಟ್ಟ. “ಇವಳು ಯಾರು?” ಎಂದು ಕೇಳಿದ.

ಗುರು ಅಲ್ಲಿಗೆ ನಿಲ್ಲಿಸಿದರು.

ಶಿಷ್ಯ ತನ್ನ ಹಕ್ಕಿಯತ್ತ ನೋಡಿದ. ಅವನ ಮುಖ ಅರಳಿತು. “ತಿಳಿಯಿತು ಗುರುಗಳೇ. ತಿದ್ದಿದ್ದೇ ಕೆಟ್ಟದ್ದಾಯಿತು. ಆದರೆ ಅದು ದೊಡ್ಡ ಕೆಲಸವೇನಲ್ಲವಲ್ಲ? ಆ ಚಿತ್ರಕಾರ ತಪ್ಪನ್ನು ಮೊದಲಿದ್ದ ಹಾಗೇ ಮತ್ತೆ ಹಾಕಿಕೊಟ್ಟಿದ್ದರೆ ಮುಗಿಯುತ್ತಿತ್ತು.”

“ಹಾಕಿಕೊಟ್ಟ,” ಎಂದರು ಗುರು, “ಆದರೆ ಆಮೇಲೆ ಅವಳು ಬಾರದೆ ಇದ್ದಾಗಲೆಲ್ಲ, ಆ ಖಾಲಿ ಬಾಗಿಲಲ್ಲಿ ವ್ಯಾಪಾರಿಗೆ ಚಿತ್ರಕಾರ ಕಾಣುತ್ತಿದ್ದ.”