ಗದ್ದುಗೆಯ ಬುಡದ ಉಂಡೆ ಹೂ

"ಗುರುಗಳೇ, ಮಾತಿನಿಂದ ಜನ ನೋಯುತ್ತಾರೆ. ಮೌನದಿಂದ ಯಾರೂ ನೋಯುವುದಿಲ್ಲ. ನಾನು ಒಂದು ವರ್ಷ ಮೌನ ಹಿಡಿಯಲೇ?" ಎಂದು ಶಿಷ್ಯ ಕೇಳಿದ.

ಹಿಂದಿನ ದಿನ ಅವನು ಮಠದ ಅಡುಗೆಯವರಿಗೆ ಸಾರು ಉಪ್ಪಾಗಿದೆ ಎಂದು ಎಲ್ಲರ ಎದುರು ಹೇಳಿಬಿಟ್ಟಿದ್ದ. ಅಡುಗೆಯವರು ಊಟ ಮಾಡದೆ ಎದ್ದು ಹೋಗಿದ್ದರು. ಅದು ಅವನನ್ನು ಕೊರೆಯುತ್ತಿತ್ತು.

ಗುರುಗಳು ಬಹಳ ಹೊತ್ತು ಉತ್ತರ ಕೊಡಲಿಲ್ಲ. ಶಿಷ್ಯ ಅದನ್ನೇ ಒಪ್ಪಿಗೆ ಎಂದುಕೊಂಡು ಕೈ ಮುಗಿದು ಏಳುವುದರಲ್ಲಿದ್ದ.

"ಕೂತುಕೋ" ಎಂದರು ಗುರುಗಳು. ಆಮೇಲೆ ಈ ಕತೆ ಹೇಳಿದರು.

ಒಂದು ಬೆಟ್ಟದೂರಿನಲ್ಲಿ ಒಬ್ಬ ತಾಯಿ, ಅವಳ ಸೊಸೆ ಇದ್ದರು. ಇಬ್ಬರ ನಡುವೆ ಇದ್ದ ಮಗ ಮೂರು ದಿನದ ಜ್ವರದಲ್ಲಿ ತೀರಿಕೊಂಡಿದ್ದ. ಮದುವೆಯಾಗಿ ಎರಡು ವರ್ಷವಾಗಿತ್ತು. ಮಕ್ಕಳಿರಲಿಲ್ಲ.

ಸಾಯುವ ಹಿಂದಿನ ವರ್ಷ ಅವನು ಸರ್ಕಾರಿ ತೋಟದಿಂದ ಒಂದು ಗಿಡ ತಂದು ಅಂಗಳದಲ್ಲಿ ನೆಟ್ಟಿದ್ದ. ಹೈಡ್ರೇಂಜಿಯ ಎಂದು ಅದರ ಹೆಸರು. ಊರಿನವರ ನಾಲಿಗೆಗೆ ಅದು ಹೊರಳದು. ಅವರು ಉಂಡೆ ಹೂ ಎನ್ನುತ್ತಿದ್ದರು. ಆ ಗಿಡ ನೀಲಿ ಹೂ ಬಿಟ್ಟಿತು. ಮಗ ಒಂದು ಗೊಂಚಲು ಕಿತ್ತು ಹೆಂಡತಿಯ ಕೈಗೆ ಕೊಟ್ಟ.

"ಇದನ್ನ ಮುಡಿಯೋದು ಹೇಗ್ರೀ? ನನ್ನ ತಲೆಗಿಂತ ಹೂವೇ ದೊಡ್ಡದು" ಎಂದಳು ಅವಳು.

"ಹಾಗಾದ್ರೆ ಹೂವಿಗೇ ನಿನ್ನ ಮುಡಿಸೋಣ ಬಿಡು" ಎಂದ. ತಾಯಿ ಒಳಗಿನಿಂದ ಕೇಳಿಸಿಕೊಂಡು ಜೋರಾಗಿ ನಕ್ಕಳು.

ಅವನು ಹೋದ ಮೇಲೆ ಹೊಲದ ಮೂಲೆಯಲ್ಲಿ ಮಣ್ಣು ಮಾಡಿ, ಮೇಲೆ ಕಲ್ಲಿನ ಗದ್ದುಗೆ ಕಟ್ಟಿಸಿದರು. ಅತ್ತೆ ಸೊಸೆ ಇಬ್ಬರೂ ಸೇರಿ ಗಿಡವನ್ನು ಬೇರಿನ ಮಣ್ಣು ಉದುರದಂತೆ ಅಗೆದು, ಗೋಣಿಯಲ್ಲಿ ಹೊತ್ತು ತಂದು ಗದ್ದುಗೆಯ ಬುಡದಲ್ಲಿ ನೆಟ್ಟರು. ಗಿಡ ಬದುಕಿತು. ಅವನ ಕೈ ಮುಟ್ಟಿದ್ದರಲ್ಲಿ ಜೀವ ಇರುವುದು ಅದೊಂದೇ ಎಂದು ಇಬ್ಬರೂ ಅಂದುಕೊಂಡರು. ಬಾಯಿಬಿಟ್ಟು ಹೇಳಿಕೊಳ್ಳಲಿಲ್ಲ.

ತಾಯಿ ಪ್ರತಿ ಅಮಾವಾಸ್ಯೆಗೆ ಗದ್ದುಗೆಗೆ ಸುಣ್ಣ ಬಳಿಯುತ್ತಿದ್ದಳು. ಮಗನಿಗೆ ಮಾಡಲು ಬೇರೆ ಕೆಲಸವೇನೂ ಅವಳಿಗೆ ಉಳಿದಿರಲಿಲ್ಲ. ಚಿಕ್ಕವನಿದ್ದಾಗ ಎಣ್ಣೆ ಹಚ್ಚಿ ಬೆನ್ನು ತಿಕ್ಕಿದ ಹಾಗೆ ಕಲ್ಲನ್ನು ತೊಳೆದು, ಮೂರು ಸುತ್ತು ಬಳಿದು, ಉಳಿದ ಸುಣ್ಣದ ನೀರನ್ನು ಅಲ್ಲೇ ಬುಡಕ್ಕೆ ಚೆಲ್ಲಿ ಬರುತ್ತಿದ್ದಳು.

ಮೊದಲ ವರ್ಷ ಹೂವಿನ ನೀಲಿ ತೆಳುವಾಯಿತು. ಎರಡನೆಯ ವರ್ಷ ಹೂ ಗುಲಾಬಿ ಬಣ್ಣಕ್ಕೆ ತಿರುಗಿತು. ತಾಯಿ ಅದನ್ನು ಗಮನಿಸಲಿಲ್ಲ. ಅವಳಿಗೆ ಗಿಡ ಇದ್ದರೆ ಸಾಕಿತ್ತು. ಸೊಸೆಗೆ ಮಾತ್ರ ಗಂಡ ಎರಡನೆಯ ಸಲ ಹೋಗುತ್ತಿದ್ದಾನೆ ಅನ್ನಿಸಿತು. ಅವನ ಮುಖವೇ ಅವಳಿಗೆ ಆಗ ಸರಿಯಾಗಿ ನೆನಪಿಗೆ ಬರುತ್ತಿರಲಿಲ್ಲ. ಆ ನೀಲಿ ಮಾತ್ರ ಬರುತ್ತಿತ್ತು.

ಅವಳು ಸರ್ಕಾರಿ ತೋಟಕ್ಕೆ ಹೋಗಿ ಅಲ್ಲಿನ ಮುದುಕ ಮಾಲಿಯನ್ನು ಕೇಳಿದಳು.

"ಗಿಡಕ್ಕೇನೂ ಆಗಿಲ್ಲ ಕಣಮ್ಮ" ಎಂದ ಮಾಲಿ. "ಮಣ್ಣು ಹುಳಿ ಇದ್ರೆ ಇದು ನೀಲಿ. ಮಣ್ಣಿಗೆ ಸುಣ್ಣ ಸೇರಿದ್ರೆ ಗುಲಾಬಿ. ಹತ್ತಿರ ಎಲ್ಲಾದ್ರೂ ಸುಣ್ಣ ಬಳೀತೀರಾ?"

ಅವಳಿಗೆ ಎಲ್ಲವೂ ತಿಳಿದುಹೋಯಿತು. "ಇಲ್ಲ" ಎಂದಳು.

ಮಾಲಿ ಅವಳಿಗೆ ಉಪಾಯ ಹೇಳಿಕೊಟ್ಟ. ಒಂದು ಕೊಡ ನೀರಿಗೆ ಒಂದೇ ಚಮಚ ಪಟಿಕದ ಪುಡಿ. ಹದಿನೈದು ದಿನಕ್ಕೊಮ್ಮೆ. ಮೊದಲು ಬರಿಯ ನೀರು ಹಾಕಿ ನೆಲ ನೆನೆಸಿಕೊಳ್ಳಬೇಕು. ಬುಡಕ್ಕೆ ಕೊಳೆತ ಎಲೆ ಹೊದಿಸಬೇಕು. ಪಟಿಕ ಹೆಚ್ಚಾದರೆ ಬೇರು ಸುಡುತ್ತದೆ.

"ಯಾವಾಗ ನೀಲಿ ಆಗುತ್ತೆ?" ಎಂದಳು.

"ಮುಂದಿನ ವರ್ಷ ನೋಡು. ಮಣ್ಣು ನಮ್ಮ ಆಫೀಸಿನ ಸಾಹೇಬರಿದ್ದ ಹಾಗೆ. ಇವತ್ತು ಅರ್ಜಿ ಕೊಟ್ರೆ ಇವತ್ತೇ ನೋಡಲ್ಲ" ಎಂದು ಮಾಲಿ ನಕ್ಕ. "ಆದ್ರೆ ಸುಣ್ಣ ಮಾತ್ರ ಹತ್ತಿರ ಸುಳೀಬಾರದು. ಅದು ಒಂದು ಕಡೆ, ಇದು ಒಂದು ಕಡೆ ಎಳೆದ್ರೆ ಗಿಡ ಉಳಿಯಲ್ಲ."

ದಾರಿಯುದ್ದಕ್ಕೂ ಅವಳು ಒಂದು ಮಾತನ್ನು ಬಾಯಿಪಾಠ ಮಾಡುತ್ತ ಬಂದಳು: ಅತ್ತೇ, ಗದ್ದುಗೆಗೆ ಸುಣ್ಣ ಬಳಿಯಬೇಡಿ. ಮನೆಗೆ ಬಂದಾಗ ಅತ್ತೆ ಸುಣ್ಣದ ಕುಂಚವನ್ನು ತೊಳೆದು, ಒಂದೊಂದೇ ನಾರನ್ನು ಬಿಡಿಸಿ ಬಿಸಿಲಿಗೆ ಇಡುತ್ತಿದ್ದಳು. ಮಗನ ಗದ್ದುಗೆಯನ್ನು ಮುಟ್ಟಬೇಡ ಎಂದು ಒಬ್ಬ ತಾಯಿಗೆ ಹೇಗೆ ಹೇಳುವುದು? ಅದೂ ಒಂದು ಹೂವಿನ ಬಣ್ಣಕ್ಕಾಗಿ? ಅವಳು ಆ ಮಾತು ಹೇಳದೆ ಒಳಗೆ ಹೋದಳು.

ಅವಳು ಅಂಗಡಿಗೆ ಹೋಗಿ ಪಟಿಕ ಕೇಳಿದಳು.

"ಇಷ್ಟೊಂದು ಯಾಕಮ್ಮ? ಮನೇಲಿ ಕ್ಷೌರದಂಗಡಿ ಇಡ್ತೀರಾ? ಯಾರ ಗಡ್ಡ ಕೆರೆಯೋಕೆ?" ಎಂದ ಅಂಗಡಿಯವನು. ಹೇಳಿದ ಮೇಲೆ ಅವನಿಗೆ ನೆನಪಾಯಿತು. ತಲೆ ತಗ್ಗಿಸಿಕೊಂಡು ಪೊಟ್ಟಣ ಕಟ್ಟಿದ. ಅವಳೂ ತಲೆ ತಗ್ಗಿಸಿಕೊಂಡೇ ತೆಗೆದುಕೊಂಡಳು.

ಮಧ್ಯಾಹ್ನ ಅತ್ತೆ ಊಟ ಮಾಡಿ ಅಡ್ಡಾದಾಗ ಅವಳು ಕೊಡ ಹೊತ್ತು ಗದ್ದುಗೆಗೆ ಹೋಗುತ್ತಿದ್ದಳು. ಆ ಹುಳಿ ನೀರು ಸಿಡಿದ ಕಡೆಯಲ್ಲೆಲ್ಲ ಗದ್ದುಗೆಯ ಸುಣ್ಣ ಕರಗಿ ಕಲ್ಲು ಕಾಣತೊಡಗಿತು. ತಾಯಿ ಅದನ್ನು ನೋಡಿದಳು. ಸುಣ್ಣ ನಿಲ್ಲುತ್ತಿಲ್ಲ ಎಂದುಕೊಂಡು ಹುಣ್ಣಿಮೆಗೂ ಬಳಿಯತೊಡಗಿದಳು.

ಒಂದು ಮಧ್ಯಾಹ್ನ ತಾಯಿಗೆ ನಿದ್ದೆ ಹತ್ತಲಿಲ್ಲ. ಎದ್ದು ಹೊಲದ ಕಡೆ ಹೋದಳು. ಸೊಸೆ ಗದ್ದುಗೆಗೆ ಹಣೆ ಒತ್ತಿಕೊಂಡು ಕುಳಿತು, ಕೊಡದಿಂದ ಚೂರುಚೂರೇ ನೀರು ಬಿಡುತ್ತಿದ್ದಳು, ಕಾಯಿಲೆಯವರಿಗೆ ಕುಡಿಸಿದ ಹಾಗೆ. ತಾಯಿ ಬೇಲಿಯ ಮರೆಯಲ್ಲಿ ನಿಂತಳು. ಸೊಸೆ ಬಾವಿಗೆ ಹೋದಾಗ ಬಂದು, ಕೊಡದ ತಳದಲ್ಲಿ ಉಳಿದ ನೀರಿಗೆ ಬೆರಳದ್ದಿ ನಾಲಿಗೆಗೆ ಇಟ್ಟುಕೊಂಡಳು. ಬಾಯೆಲ್ಲ ಒಗರೊಗರಾಗಿ ಹುಳಿಯಾಯಿತು.

ಗಿಡ ಸುಟ್ಟುಹೋಗುತ್ತದೆ ಎಂದು ತಾಯಿಗೆ ಗೊತ್ತಾಯಿತು. ಆದರೆ ಗಂಡನ ಕಲ್ಲಿಗೆ ಹಣೆ ಕೊಟ್ಟು ಕುಳಿತ ಹುಡುಗಿಯನ್ನು ಏನೆಂದು ಕೇಳುವುದು? ಏನೋ ಹರಕೆ ಇರಬೇಕು, ಮನಸ್ಸು ಎಲ್ಲೋ ಕದಡಿರಬೇಕು ಎಂದುಕೊಂಡಳು. ಕೇಳಿದರೆ ನಾಚಿ ಸಾಯುತ್ತಾಳೆ ಎಂದುಕೊಂಡಳು. ಹುಳಿ ಮುರಿಯಲು ಅವಳಿಗೆ ಗೊತ್ತಿದ್ದದ್ದು ಒಂದೇ, ಒಲೆಯ ಬೂದಿ. ಬೆಳಿಗ್ಗೆ ಸೊಸೆ ಸ್ನಾನಕ್ಕೆ ಹೋದಾಗ ಮೊರದ ತುಂಬ ಬೂದಿ ಒಯ್ದು ಬುಡದ ಮಣ್ಣಿನಲ್ಲಿ ಕಲಸಿ ಬಂದಳು.

ಬೂದಿಯೂ ಮಣ್ಣಿಗೆ ಸುಣ್ಣದ ಕೆಲಸವನ್ನೇ ಮಾಡುತ್ತದೆ. ಅದು ತಾಯಿಗೆ ಗೊತ್ತಿರಲಿಲ್ಲ.

ಸೊಸೆ ಕೊಳೆತ ಎಲೆಯ ಕೆಳಗೆ ಬೂದಿ ಕಂಡಳು. ಯಾರು ಹಾಕಿದ್ದು ಎಂದು ಕೇಳಬೇಕಾಗಿರಲಿಲ್ಲ. ಒಂದು ಚಮಚದ ಜಾಗದಲ್ಲಿ ಎರಡು ಚಮಚ ಹಾಕಿದಳು. ತಾಯಿ ಎಲೆಯ ಅಂಚು ಕಂದಾದದ್ದನ್ನು ಕಂಡಳು. ಒಂದು ಮೊರದ ಜಾಗದಲ್ಲಿ ಎರಡು ಮೊರ ಹಾಕಿದಳು.

ಮನೆಯಲ್ಲಿ ಇಬ್ಬರೂ ಎದುರುಬದುರು ಕೂತು ಊಟ ಮಾಡುತ್ತಿದ್ದರು.

"ಅತ್ತೇ, ಉಗುರಲ್ಲೆಲ್ಲ ಬೂದಿ ಕೂತಿದೆಯಲ್ಲ."

"ಪಾತ್ರೆ ತಿಕ್ಕಿದೆ."

"ಪಾತ್ರೆ ನಾನು ಬೆಳಿಗ್ಗೇನೇ ತಿಕ್ಕಿಟ್ಟಿದ್ದೆ."

"ಹಾಗಾದ್ರೆ ಇನ್ನೊಂದು ಸಲ ತಿಕ್ಕಿದೆ ಬಿಡವ್ವ. ಹೊಳೆಯಲಿ. ನಿನ್ನ ಸೆರಗು ಯಾಕೆ ಒದ್ದೆ?"

"ಬಾವಿ ಹತ್ರ ಹೋಗಿದ್ದೆ."

"ಈ ಬಿಸಿಲಲ್ಲಾ?"

"ಸೆಕೆ ಅಂತ."

ತಾಯಿ ಸೊಸೆಯ ತಟ್ಟೆಗೆ ಇನ್ನೊಂದು ಸೌಟು ಸಾರು ಬಡಿಸಿದಳು.

ಊರಿನವರು ಆ ಮನೆಯನ್ನು ತೋರಿಸಿ ತಮ್ಮ ಸೊಸೆಯಂದಿರಿಗೆ ಹೇಳುತ್ತಿದ್ದರು: "ಅತ್ತೆ ಸೊಸೆ ಅಂದ್ರೆ ಹಾಗಿರಬೇಕು. ಮೂರು ವರ್ಷ ಆಯ್ತು, ಆ ಮನೆಯಿಂದ ಒಂದು ಏರಿದ ಮಾತು ಕೇಳಿಲ್ಲ."

ಮೂರನೆಯ ವರ್ಷ ಗಿಡ ಒಂದೇ ಒಂದು ಮೊಗ್ಗು ಬಿಟ್ಟಿತು. ಹಸಿರು ಮೊಗ್ಗು. ಯಾವ ಬಣ್ಣ ಬರುತ್ತದೆಂದು ಹೇಳುವಂತಿರಲಿಲ್ಲ. ಅಷ್ಟರಲ್ಲಿ ಎಲೆಗಳು ಹಳದಿಯಾಗಿ ನರ ಮಾತ್ರ ಹಸಿರುಳಿದಿದ್ದವು. ಬುಡದಲ್ಲಿ ನೀರಿದ್ದರೂ ಗಿಡ ಬಾಡಿ ನಿಲ್ಲುತ್ತಿತ್ತು. ಸೊಸೆ ಇನ್ನೇನು ನೀಲಿ ಬಂದೀತು ಎಂದು ಇನ್ನೊಂದು ಕೊಡ ಹೊಯ್ದಳು. ತಾಯಿ ಇನ್ನೇನು ಚೇತರಿಸೀತು ಎಂದು ಇನ್ನೊಂದು ಮೊರ ಸುರಿದಳು. ಒಂದು ವಾರದಲ್ಲಿ ಎಲೆ ಉದುರಿತು. ಮೊಗ್ಗು ಬಿರಿಯದೆ ತೊಟ್ಟಿನಲ್ಲೇ ಕಪ್ಪಾಯಿತು.

ಗಿಡವನ್ನು ಇಬ್ಬರೂ ಸೇರಿಯೇ ಕಿತ್ತರು. ಎಳೆಯಬೇಕಾಗಲಿಲ್ಲ. ಮುಟ್ಟಿದರೆ ಬಂತು. ಬೇರು ಉರಿದ ಬತ್ತಿಯ ಕುಡಿಯ ಹಾಗಿತ್ತು. ಸುತ್ತಲಿನ ಮಣ್ಣು ಗಾರೆಯ ಹಾಗೆ ಬಿರುಸಾಗಿತ್ತು. ಬಿಳಿಯ ಪುಡಿ, ಬೂದಿ, ಕರಗದ ಪಟಿಕದ ಚೂರು, ಎಲ್ಲವೂ ಇಬ್ಬರ ಕಣ್ಣೆದುರಿಗೇ ಇತ್ತು. ಇಬ್ಬರೂ ನೋಡಿದರು. ಇಬ್ಬರೂ ನೋಡಿದ್ದನ್ನು ಇಬ್ಬರೂ ನೋಡಿದರು.

"ಈ ವರ್ಷ ಬಿಸಿಲು ಜಾಸ್ತಿ ಇತ್ತು" ಎಂದಳು ತಾಯಿ.

"ಹೌದತ್ತೆ" ಎಂದಳು ಸೊಸೆ.

ಆಮೇಲೆ ತಾಯಿ ಗದ್ದುಗೆಗೆ ಸುಣ್ಣ ಬಳಿಯುವುದನ್ನು ಬಿಟ್ಟಳು. ಸೊಸೆ ಆ ಕಡೆ ಹೋಗುವುದನ್ನೇ ಬಿಟ್ಟಳು. ಒಬ್ಬೊಬ್ಬಳ ಮನಸ್ಸಿನಲ್ಲೂ ಒಂದು ದಿನ ನಾನು ಕೊಂದೆ ಎಂದಿರುತ್ತಿತ್ತು, ಇನ್ನೊಂದು ದಿನ ಅವಳು ಕೊಂದಳು ಎಂದಿರುತ್ತಿತ್ತು. ಯಾವ ದಿನ ಯಾವುದೆಂದು ಇನ್ನೊಬ್ಬಳಿಗೆ ತಿಳಿಯುತ್ತಿರಲಿಲ್ಲ. ಮೊದಲು ಊಟದ ಹೊತ್ತು ಬೇರೆಯಾಯಿತು. ಆಮೇಲೆ ಒಲೆ ಬೇರೆಯಾಯಿತು. ಜಗಳ ಆಗಲಿಲ್ಲ. ಆಗಿದ್ದರೆ ರಾಜಿ ಮಾಡಿಸಲು ಯಾರಾದರೂ ಬರುತ್ತಿದ್ದರು.

ಕೆಲವು ವರ್ಷದ ಮೇಲೆ ತಾಯಿ ಹಾಸಿಗೆ ಹಿಡಿದಳು. ಸೊಸೆ ಗಂಜಿ ಮಾಡಿ, ಅತ್ತೆಯ ಕೋಣೆಯ ಬಾಗಿಲ ಹೊರಗೆ ಇಟ್ಟು ಬರುತ್ತಿದ್ದಳು. ತಾಯಿ ಗೋಡೆ ಹಿಡಿದು ಎದ್ದು, ಕುಡಿದು, ಬಟ್ಟಲು ತೊಳೆದು ಅಲ್ಲೇ ಹೊರಗೆ ಇಡುತ್ತಿದ್ದಳು. ಹೀಗೆ ಬಹಳ ದಿನ ನಡೆಯಿತು. ಒಂದು ದಿನ ಗಂಜಿ ಇಟ್ಟಲ್ಲೇ ಇತ್ತು.

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯ ತಲೆ ಆಡಿಸಿದ. ಅವನಿಗೆ ಕತೆ ಹಿಡಿಸಿರಲಿಲ್ಲ. ತನ್ನ ಮೌನವ್ರತವನ್ನು ಅಷ್ಟು ಸುಲಭಕ್ಕೆ ಬಿಟ್ಟುಕೊಡಲೂ ಮನಸ್ಸಿರಲಿಲ್ಲ. ಕತೆಯಲ್ಲಿ ಒಂದು ಬಿರುಕು ಅವನಿಗೆ ಕಂಡಿತ್ತು.

"ಗುರುಗಳೇ, ಆಕೆ ಪಟಿಕ ಹಾಕಿದ್ದನ್ನು ಯಾರಿಗೂ ಹೇಳಲಿಲ್ಲ. ಈಕೆ ಬೂದಿ ಹಾಕಿದ್ದನ್ನೂ ಯಾರಿಗೂ ಹೇಳಲಿಲ್ಲ. ಒಬ್ಬರಿಗೊಬ್ಬರು ಹೇಳದೆಯೇ ಎಲ್ಲ ಮುಗಿದುಹೋಯಿತು. ಹಾಗಿದ್ದ ಮೇಲೆ ಇಬ್ಬರ ಮನಸ್ಸಿನಲ್ಲಿದ್ದದ್ದು ಈ ಕತೆಗೆ ಗೊತ್ತಾದದ್ದು ಹೇಗೆ?"

ಗುರುಗಳು ಹೇಳಿದರು: "ಮೊಗ್ಗು ಇನ್ನೂ ಹಸಿರಾಗಿದ್ದಾಗಲೇ, ಒಂದೇ ವಾರದಲ್ಲಿ, ಇಬ್ಬರೂ ಬೇರೆ ಬೇರೆಯಾಗಿ ಬಂದು ನನ್ನ ಹತ್ತಿರ ಹೇಳಿಕೊಂಡು ಅತ್ತು ಹೋಗಿದ್ದರು. ನಾನು ಒಬ್ಬಳ ಮಾತನ್ನು ಇನ್ನೊಬ್ಬಳಿಗೆ ಹೇಳಲಿಲ್ಲ."