ಮಾವಿನ ವಾಸನೆಯ ವಿಭೂತಿ

ಹೊಳೆದಂಡೆಯ ಮಠದಲ್ಲಿ ಅಂದು ಬೆಳಗಿನ ಪೂಜೆಗೆ ಕೂತ ಅಡವಯ್ಯಜ್ಜನವರ ಹಣೆಯಿಂದ ಮಾವಿನಹಣ್ಣಿನ ವಾಸನೆ ಬಂತು.

ಮಾವಿನ ಕಾಲ ಮುಗಿದು ಎಷ್ಟೋ ದಿನವಾಗಿತ್ತು. ಅಜ್ಜ ವಿಭೂತಿ ಗಟ್ಟಿಯನ್ನು ಮೂಸಿ ನೋಡಿದರು. ವಿಭೂತಿಯ ಪೆಟ್ಟಿಗೆಯೊಳಗೆ ಕೈಹಾಕಿದರು. ಬೆರಳುದ್ದದ ನಳಿಗೆಯೊಂದು ಅಂಟಂಟಾಗಿ ಕೈಗೆ ಬಂತು.

ಆರತಿಗೆ ಬತ್ತಿ ಹೊಸೆಯುತ್ತಿದ್ದ ಶಿಷ್ಯ ನಿಂಗರಾಜ ಎದ್ದು ನಿಂತ.

ಅವನು ಮೊದಲು ಲಾರಿ ಓಡಿಸುತ್ತಿದ್ದವನು. ಬೀಡಿ ಸೇದಿ ಸೇದಿ ಎದೆ ಹಾಳುಮಾಡಿಕೊಂಡಿದ್ದ. ಹಿಂದೆ ಇದ್ದ ಮಠದಲ್ಲಿ ಬೀಡಿ ಸಿಕ್ಕಿದ ದಿನವೇ ಗಂಟುಮೂಟೆ ಕಟ್ಟಿಸಿದ್ದರು. ಇಲ್ಲಿಂದಲೂ ಹೊರಬಿದ್ದರೆ ಅವನಿಗೆ ಹೋಗಲು ಜಾಗವಿರಲಿಲ್ಲ.

ಬೀಡಿ ಬಿಡಲು ಇದೇ ದಾರಿ ಎಂದು ಗೆಳೆಯನೊಬ್ಬ ಈ ಇ-ಸಿಗರೇಟು ಕೊಟ್ಟಿದ್ದ. ಗಾಜಿನ ಪುಟ್ಟ ಟ್ಯಾಂಕಿಗೆ ಮಾವಿನಂತೆ ಘಮಘಮಿಸುವ ರಸ ತುಂಬಿ ಎಳೆದರೆ ಹೊಗೆಯಂಥ ಆವಿ ಬರುತ್ತಿತ್ತು. ಯಾರೂ ಕೈಹಾಕದ ಜಾಗವೆಂದು ನಿಂಗರಾಜ ಅದನ್ನು ಹಬ್ಬಕ್ಕೆ ತೆಗೆದಿಟ್ಟ ವಿಭೂತಿಯ ಪೆಟ್ಟಿಗೆಯಲ್ಲಿ ಬಚ್ಚಿಟ್ಟಿದ್ದ. ಮಹಾ ಜಾಣ. ದಿನದ ವಿಭೂತಿ ತೀರಿದರೆ ಅಜ್ಜ ಇದನ್ನೇ ತೆರೆಯುತ್ತಾರೆಂದು ಅವನಿಗೆ ಹೊಳೆದಿರಲಿಲ್ಲ.

“ನಂದರಿ ಅಜ್ಜಾರ,” ಎಂದು ತಲೆ ತಗ್ಗಿಸಿದ.

“ಯಾಕ ಸೋರ್ತು?”

ಎಲ್ಲ ಪ್ರಶ್ನೆಗೂ ಉತ್ತರ ಹುಡುಕಿಕೊಂಡಿದ್ದ, ಇದೊಂದನ್ನು ಬಿಟ್ಟು.

“ಏನ್ರಿ?”

“ಇದು ಯಾಕ ಸೋರ್ತು ಅಂತ ಕೇಳಿದೆ.”

“ತುಂಬಿದ್ದನ್ನ ಅಡ್ಡ ಮಲಗಿಸಿದ್ದೆರಿ. ನೆಟ್ಟಗ ನಿಲ್ಲಿಸಬೇಕಿತ್ತು. ಬಾಳ ದಿನ ಇಡೂದಿದ್ರ ಖಾಲಿ ಮಾಡಿ, ತೊಳದು ಇಡಬೇಕಂತ. ನಾ ಇದಕ್ಕ ಹೊಸಬರಿ, ಗೊತ್ತಾಗಲಿಲ್ಲ.”

“ಹೆಂಗ ತೊಳೀತಾರ?”

ನಿಂಗರಾಜ ಅಜ್ಜನ ಮುಖ ನೋಡಿದ. ಅಲ್ಲಿ ಸಿಟ್ಟೂ ಇರಲಿಲ್ಲ, ನಗುವೂ ಇರಲಿಲ್ಲ.

“ಉಳಿದ ರಸ ಚೆಲ್ಲಿ, ಬಿಚ್ಚಿ, ಬಿಸಿನೀರಾಗ ತೊಳೀಬೇಕ್ರಿ. ಒಳಗ ರಸ ಕಾಸೂ ತಂತಿ ಸುರುಳಿ ಮಾತ್ರ ನೀರಿಗೆ ಹಾಕಬಾರದು. ಪೂರ್ತಿ ಆರಿದ ಮ್ಯಾಲೆ ಜೋಡಿಸಬೇಕು.”

“ಬಿಸಿನೀರು ತಾ.”

ಅಜ್ಜ ರಸವನ್ನು ಒಲೆಯ ಬೂದಿಗೆ ಸುರಿದರು. ಗಂಟುಗಟ್ಟಿದ ಬೆರಳುಗಳಿಂದ ತಿಣುಕಾಡಿ ಟ್ಯಾಂಕು ಬಿಚ್ಚಿದರು, ತೊಳೆದರು, ಹೆಗಲ ವಸ್ತ್ರದಿಂದ ಒರೆಸಿ ಬಿಸಿಲಿಗಿಟ್ಟರು. ಆರಿದ ಮೇಲೆ ಜೋಡಿಸಿ ಅವನ ಅಂಗೈಯಲ್ಲಿಟ್ಟು ಎದ್ದುಹೋದರು.

ನಿಂಗರಾಜನಿಗೆ ತಲೆಬುಡ ತಿಳಿಯಲಿಲ್ಲ. ಇದು ಕ್ಷಮೆಯೋ, ಶಿಕ್ಷೆಯೋ? ಸಂಜೆಯಾಯಿತು. ಕೈ ಸುಮ್ಮನಿರಲಿಲ್ಲ. ಮತ್ತೆ ರಸ ತುಂಬಿ ಸೇದಿದ.

ಮರುದಿನ ಪೂಜೆ ಮುಗಿಸಿದ ಅಜ್ಜ ಕೈ ಚಾಚಿದರು. “ತಾ.”

ಮತ್ತೆ ಬಿಸಿನೀರು, ಮತ್ತೆ ಬಿಸಿಲು. ಅದೇ ರೂಢಿಯಾಯಿತು. ಸಂಜೆ ಇವನು ತುಂಬುವುದು, ಬೆಳಿಗ್ಗೆ ಅವರು ತೊಳೆಯುವುದು.

“ಅಜ್ಜಾರ, ನಾ ತೊಳೀತೀನ್ರಿ. ನಿಮ್ಮ ಬೆರಳು ನೋಯ್ತಾವ.”

“ನೀ ತುಂಬತಿ. ನಾ ತೊಳೀತೀನಿ. ನನ್ನ ಕೆಲಸಾನೂ ನೀನ ಮಾಡ್ತೀಯೇನು?”

“ನನ್ನ ಕಳಿಸಿಬಿಡ್ತೀರೇನ್ರಿ?”

“ನೀರು ಆರಾಕತ್ತೈತಿ, ಅತ್ತಾಗ ಸರಿ.”

ಅಡುಗೆಯ ನೀಲವ್ವನನ್ನು ಕೇಳಿದ, “ಯವ್ವಾ, ಅಜ್ಜಾರು ಒಪ್ಯಾರೋ, ಸಿಟ್ಟಾಗ್ಯಾರೋ?”

“ನನಗ ನಿಮ್ಮಿಬ್ಬರದೂ ತಿಳಿಯಂಗಿಲ್ಲಪ್ಪ,” ಎಂದಳು ನೀಲವ್ವ. “ನನ್ನ ಚಹಾದ ನೀರೆಲ್ಲಾ ಆ ಗಾಜಿನ ಕೂಸಿನ ಜಳಕಕ್ಕ ಹೋಗಾಕತ್ತೈತಿ.”

ಅವನಿಗೆ ನಗು ಬರಲಿಲ್ಲ. ಅಜ್ಜ ವಿಭೂತಿ ಹಚ್ಚಿ ಹರಸುವಾಗ ಅವರ ಬೆರಳಲ್ಲಿ ಮಾವಿನ ವಾಸನೆ ಇರುತ್ತಿತ್ತು. ಆ ವಾಸನೆಗೆ ಅವನಿಗೆ ಅಳು ಬರುತ್ತಿತ್ತು.

ಒಂದು ದಿನ ತಡೆಯಲಾರದೆ ನಳಿಗೆ ಹಿಡಿದು ಹೊಳೆಗೆ ಓಡಿದ. ಎಸೆಯಲು ಕೈ ಎತ್ತಿದಾಗ ಮೆಟ್ಟಿಲ ಮೇಲೆ ಅಜ್ಜ ಬಟ್ಟೆ ಹಿಂಡುತ್ತಿದ್ದರು.

“ಮೀನು ನಿನಗೇನು ಮಾಡ್ಯಾವು?”

“ಮತ್ತ ಎಲ್ಲಿ ಒಗೀಲಿರಿ?”

“ಒಗಿ ಅಂದವರ್ಯಾರು?”

“ಹಂಗಾದ್ರ ಸೇದಲೇನ್ರಿ?”

“ಸೇದು ಅಂದವರ್ಯಾರು?”

ನಿಂಗರಾಜ ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ವಾಪಸು ಬಂದ.

ಆ ಸಂಜೆ ರಸದ ಬಾಟಲಿ ಎದುರಿಗಿಟ್ಟುಕೊಂಡು ಕೂತ. ಬಾಟಲಿಯ ಮುಚ್ಚಳ ತೆಗೆದಾಗಲೆಲ್ಲ ಅಜ್ಜನ ಆ ಗಂಟುಗಟ್ಟಿದ ಬೆರಳುಗಳು ಕಣ್ಣಿಗೆ ಕಟ್ಟುತ್ತಿದ್ದವು. ಮತ್ತೆ ಮುಚ್ಚುತ್ತಿದ್ದ. ಹಾಗೇ ಬೆಳಗಾಯಿತು.

ಅಜ್ಜ ಕೈ ಚಾಚಿದರು. “ತಾ.”

ಕೊಟ್ಟ. ಅಜ್ಜ ಟ್ಯಾಂಕನ್ನು ಬೆಳಕಿಗೆ ಹಿಡಿದರು. ಒಣಗಿತ್ತು. ಆದರೂ ಬಿಚ್ಚಿದರು, ಬಿಸಿನೀರಿಗೆ ಹಾಕಿದರು.

“ಅಜ್ಜಾರ, ನಿನ್ನೆ ತುಂಬಿಲ್ಲರಿ. ಖಾಲಿ ಐತಿ. ಮತ್ಯಾಕ ತೊಳೀತೀರಿ?”

ಅಜ್ಜ ತೊಳೆದರು, ಒರೆಸಿದರು, ಬಿಸಿಲಿಗಿಟ್ಟರು.

“ಹಂಗಾದ್ರ ಇದು ಮುಗೀತೇನ್ರಿ? ಇಟ್ಕೊಳ್ಳೂದೋ, ಬಿಡೂದೋ? ನಾ ಇಲ್ಲೇ ಇರಬೇಕೋ, ಹೋಗಬೇಕೋ? ನನಗ ಒಂದೂ ತಿಳಿವಲ್ದು ಅಜ್ಜಾರ.”

ಅಜ್ಜ ಆರಿದ ಟ್ಯಾಂಕನ್ನು ಜೋಡಿಸಿ ಅವನ ಅಂಗೈಯಲ್ಲಿ ಇಟ್ಟರು.

“ನೆಟ್ಟಗ ನಿಲ್ಲಿಸು. ಸಂಜಿಕ ಚಟ ಮತ್ತ ಕೇಳತೈತಿ. ಆಗ ನನ್ನ ಕರಿ.”