ಅಕ್ಕನ ಊರಿಗೆ ಪೆಟ್ರೋಲೋ, ಡೀಸೆಲ್ಲೋ

ಒಂದಾನೊಂದು ಊರಿನಲ್ಲಿ, ಆ ಊರಿಗೆ ಹೊನ್ನಗುಡ್ಡ ಅಂತ ಹೆಸರು, ನೀಲವ್ವ ಎಂಬ ಹೆಂಗಸು ಇದ್ದಳು. ಸ್ವಲ್ಪ ಹತ್ತಿರ ಸರಿದು ಕೂತು ಕೇಳಿರಿ. ಈ ಕತೆಯಲ್ಲಿ ಯಾರೂ ಜೋರಾಗಿ ಮಾತಾಡುವುದಿಲ್ಲ. ಆ ಊರಿಗೆ ರಾಜನೂ ಇದ್ದ, ಆ ಊರಲ್ಲಿ ಕಾರುಗಳೂ ಇದ್ದವು. ಕಾರು ಓಡಾಡುವ ಕಾಲಕ್ಕೆ ರಾಜ ಹೇಗೆ ಉಳಿದುಕೊಂಡ ಎಂದು ಕೇಳಬೇಡಿ. ಅದು ರಾಜನಿಗೂ ಗೊತ್ತಿರಲಿಲ್ಲ.

ನೀಲವ್ವ ಖಾನಾವಳಿ ನಡೆಸುತ್ತಿದ್ದಳು. ಬೆಳಿಗ್ಗೆ ರೊಟ್ಟಿ ಬಡಿಯುವಳು, ಸಂಜೆ ರೊಟ್ಟಿ ಬಡಿಯುವಳು. ಅರಮನೆಯ ಕಾರಕೂನರೆಲ್ಲ ಅವಳಲ್ಲೇ ಉಣ್ಣುವವರು. ಅವಳ ಗಂಡ ಅಡಿವೆಪ್ಪ ತಕ್ಕಡಿ ತಪಾಸಣೆ ಮಾಡುವವನು. ಸಂತೆಯಲ್ಲಿ, ಅಂಗಡಿಯಲ್ಲಿ ತಕ್ಕಡಿ ಸರಿ ಇದೆಯೋ ಇಲ್ಲವೋ ನೋಡಿ ಮುದ್ರೆ ಒತ್ತುವುದು ಅವನ ಕೆಲಸ. ಎರಡು ತಟ್ಟೆಯೂ ಒಂದೇ ಮಟ್ಟಕ್ಕೆ ನಿಲ್ಲುವ ತನಕ ಅವನು ರೆಪ್ಪೆ ಬಡಿಯುತ್ತಿರಲಿಲ್ಲ. ಒಳ್ಳೆಯ ಮನುಷ್ಯ. ಹೆಂಡತಿಯನ್ನು ಒಂದು ದಿನವೂ ಗದರಿದವನಲ್ಲ. ಅವಳಿಗೆ ಬಳೆ ತರುವಾಗಲೂ ಎರಡು ಕೈಯ ಬಳೆ ತೂಗಿ ತರುತ್ತಿದ್ದ.

ನೀಲವ್ವನಿಗೆ ಒಬ್ಬಳು ಅಕ್ಕ, ಗಂಗವ್ವ. ತಾಯಿ ಹೋದಾಗ ನೀಲವ್ವನಿಗೆ ಎರಡು ವರ್ಷ. ಎತ್ತಿ ಆಡಿಸಿದ್ದು, ಜಡೆ ಹಾಕಿದ್ದು, ಮದುವೆ ಮಾಡಿ ಕಳಿಸಿದ್ದು ಎಲ್ಲ ಗಂಗವ್ವನೇ. ಆಕೆ ಇಪ್ಪತ್ತು ಕಿಲೋಮೀಟರು ಆಚೆ ಕರಿಬಾವಿಯಲ್ಲಿ ಒಬ್ಬಳೇ ಇದ್ದಳು. ಆ ವರ್ಷ ಕೆಮ್ಮು ಹಿಡಿದು ಹಾಸಿಗೆ ಸೇರಿದಳು. ಪಕ್ಕದ ಮನೆಯ ಇಮಾಂಬಿ ಗಂಜಿ ಕಾಯಿಸಿ ಕೊಡುತ್ತಿದ್ದಳು.

ನೀಲವ್ವನಿಗೆ ಮಧ್ಯಾಹ್ನ ಪುರುಸೊತ್ತು. ಒಂದಕ್ಕೆ ಕೈ ತೊಳೆದರೆ ಐದರ ತನಕ ಅವಳನ್ನು ಯಾರೂ ಕೇಳುವುದಿಲ್ಲ. ದಿನಾ ಅಷ್ಟು ಹೊತ್ತು ಹೋಗಿ ಅಕ್ಕನ ಹತ್ತಿರ ಕೂತು, ತಲೆ ಬಾಚಿ, ಎರಡು ಮಾತಾಡಿ ಬರಬೇಕು ಎಂದು ಅವಳ ಆಸೆ. ಆದರೆ ಹೋಗುವುದು ಹೇಗೆ? ಕರಿಬಾವಿಯಿಂದ ಹೊನ್ನಗುಡ್ಡಕ್ಕೆ ದಿನಾ ಒಂದು ಬಸ್ಸು ಬರುತ್ತಿತ್ತು. ಹೊನ್ನಗುಡ್ಡದಿಂದ ಕರಿಬಾವಿಗೆ ಬಸ್ಸು ಹೋಗುತ್ತಿರಲಿಲ್ಲ. ಒಮ್ಮೆಯೂ ಹೋಗದ ಬಸ್ಸು ದಿನಾ ಹೇಗೆ ಬರುತ್ತಿತ್ತು ಎಂದು ಆ ಊರಿನವರು ವಿಚಾರ ಮಾಡಿರಲಿಲ್ಲ. ಮನೆಯಲ್ಲಿ ಒಂದು ದೊಡ್ಡ ಕಾರಿತ್ತು, ಡೀಸೆಲ್ಲಿನದು. ಅದು ಅಡಿವೆಪ್ಪನನ್ನೂ ಅವನ ತೂಕದ ಕಲ್ಲುಗಳನ್ನೂ ಹೊತ್ತುಕೊಂಡು ದಿನವಿಡೀ ಸಂತೆ ಸಂತೆ ತಿರುಗುತ್ತಿತ್ತು.

ಆಗ ನೀಲವ್ವ ಗಂಡನಿಗೆ ಹೇಳಿದಳು, ನನಗೊಂದು ಸಣ್ಣ ಕಾರು ಸಾಕು ಎಂದು. ಅಡಿವೆಪ್ಪ ಒಂದು ಮಾತಿಗೂ ಇಲ್ಲ ಅನ್ನಲಿಲ್ಲ. ಮರುದಿನವೇ ಅವಳನ್ನು ಕರೆದುಕೊಂಡು ಕಾರು ಮಾರುವವನ ಹತ್ತಿರ ಹೋದ.

ಕಾರು ಮಾರುವವನು ಕೇಳಿದ್ದು ಒಂದೇ ಮಾತು. “ದಿನಕ್ಕ ಎಷ್ಟ ಓಡಸ್ತೀರಿ? ನಲವತ್ತು ಕಿಲೋಮೀಟರ ಒಳಗಾದ್ರ ಪೆಟ್ರೋಲು. ನಲವತ್ತು ದಾಟಿದ್ರ ಡೀಸೆಲ್.”

ಹೋಗಲು ಇಪ್ಪತ್ತು, ಬರಲು ಇಪ್ಪತ್ತು. ಒಳಗೂ ಇಲ್ಲ, ದಾಟಲೂ ಇಲ್ಲ. ಅಡಿವೆಪ್ಪನ ಕಣ್ಣು ಮಿಂಚಿತು. ಅಷ್ಟು ಸಮನಾದದ್ದನ್ನು ಅವನು ಜನ್ಮದಲ್ಲಿ ಕಂಡಿರಲಿಲ್ಲ.

ಯಾವುದಾದರೂ ತೆಗೆದುಕೊಳ್ಳೋಣ ಎಂದಳು ನೀಲವ್ವ. ಸರಿಯಾದದ್ದನ್ನೇ ತೆಗೆದುಕೊಳ್ಳೋಣ ಎಂದ ಅಡಿವೆಪ್ಪ. ಕೊನೆಯ ಒಂದು ಫರ್ಲಾಂಗು ನಾನು ನಡೆದುಕೊಂಡು ಹೋಗುತ್ತೇನೆ, ಆಗ ನಲವತ್ತರ ಒಳಗೇ ಆಯಿತಲ್ಲ ಎಂದಳು. ಒಂದು ದಿನ ಅಕ್ಕನಿಗೆ ಔಷಧ ತರಲು ಪೇಟೆಗೆ ಹೋದರೆ ನಲವತ್ತು ದಾಟಿಬಿಡುತ್ತದಲ್ಲ ಎಂದ ಅವನು. ಇಬ್ಬರೂ ಬರಿಗೈಯಲ್ಲಿ ಮನೆಗೆ ಬಂದರು.

ಅಡಿವೆಪ್ಪ ದೊಡ್ಡ ಕಾರನ್ನು ಕೇಳಿದ. ದೊಡ್ಡ ಕಾರು ಕೆಮ್ಮಿ ಗಂಟಲು ಸರಿ ಮಾಡಿಕೊಂಡು, ಒಂದೇ ಮನೆಯಲ್ಲಿ ಎರಡು ಅಡುಗೆ ಯಾಕೆ, ನಾನು ಕುಡಿಯುವುದನ್ನೇ ಅದೂ ಕುಡಿಯಲಿ ಎಂದಿತು. ಅಡಿವೆಪ್ಪ ಡೀಸೆಲ್ ಎಂದು ಬರೆದುಕೊಂಡ. ಎರಡು ದಿನ ಬಿಟ್ಟು ಅದೇ ಕಾರು, ಅದು ಇನ್ನೂ ಸಣ್ಣದು, ಹೊಟ್ಟೆ ಮೆತ್ತಗಿರುತ್ತದೆ, ಡೀಸೆಲ್ ಅರಗಲಿಕ್ಕಿಲ್ಲ ಎಂದಿತು. ಅಡಿವೆಪ್ಪ ಪೆಟ್ರೋಲು ಎಂದೂ ಬರೆದುಕೊಂಡ. ಅಲ್ಲಿಗೆ ಅದೂ ಸಮವಾಯಿತು.

ಇನ್ನು ರಸ್ತೆಯನ್ನೇ ಅಳೆಯಬೇಕು ಎಂದ ಅಡಿವೆಪ್ಪ. ಒಂದು ಗೇಣು ಹೆಚ್ಚೋ ಕಡಿಮೆಯೋ ಇದ್ದೇ ಇರುತ್ತದೆ. ನಾನೂ ಬರುತ್ತೇನೆ, ಅಕ್ಕನನ್ನು ನೋಡಿದಂತೆ ಆಯಿತು ಎಂದು ನೀಲವ್ವ ಸೀರೆ ಬದಲಿಸಿ ಬಂದಳು. ಇಬ್ಬರು ಕೂತರೆ ಗಾಲಿ ಒತ್ತಿಕೊಂಡು ಅಳತೆ ತಪ್ಪುತ್ತದೆ ಎಂದು ಅಡಿವೆಪ್ಪ ಬೇಡಿಕೊಂಡ. ನೀಲವ್ವ ಬಾಗಿಲಲ್ಲೇ ನಿಂತಳು. ಕಾರು ತಿರುವಿನಲ್ಲಿ ಮರೆಯಾದ ಮೇಲೂ ಸ್ವಲ್ಪ ಹೊತ್ತು ನಿಂತಿದ್ದಳು.

ಇಪ್ಪತ್ತನೆಯ ಕಿಲೋಮೀಟರಿನ ಕಲ್ಲು ಸರಿಯಾಗಿ ಗಂಗವ್ವನ ಮನೆಯ ಮುಂದೆಯೇ ಇತ್ತು. ಅಳತೆ ಇಪ್ಪತ್ತಕ್ಕೆ ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಬರಲಿಲ್ಲ. ಒಂದು ಮೊಳ ಈಚೆಗೆ ಸರಿಯುತ್ತೀಯಾ ಎಂದು ಅಡಿವೆಪ್ಪ ಕಲ್ಲನ್ನೇ ಕೇಳಿದ.

ನನ್ನನ್ನು ರಾಜನ ತಂದೆ ನೆಡಿಸಿದ್ದು, ರಾಜನ ಮುದ್ರೆ ಇಲ್ಲದೆ ಸರಿಯುವಂತಿಲ್ಲ ಎಂದಿತು ಕಲ್ಲು. ಆಮೇಲೆ ಸಣ್ಣ ದನಿಯಲ್ಲಿ, “ಆ ತಾಯಿ ಕೆಮ್ಮೂದು ನನಗ ಇಲ್ಲಿಗೇ ಕೇಳತೈತ್ರಿ. ಸರಿಯಾಕ ಬರ್ತಿದ್ರ ಎಂದೋ ಸರೀತಿದ್ದೆ,” ಅಂದಿತು.

ಅಡಿವೆಪ್ಪ ಒಳಗೆ ಹೋಗಿ ಗಂಗವ್ವನನ್ನು ಮಾತಾಡಿಸಲಿಲ್ಲ. ಅವನ ಕೈಯಲ್ಲಿ ಗಾಲಿಗೆ ಸುತ್ತಿದ ಅಳತೆಯ ದಾರದ ತುದಿ ಇತ್ತು. ಬಿಟ್ಟರೆ ಮತ್ತೆ ಮೊದಲಿನಿಂದ ಅಳೆಯಬೇಕಾಗುತ್ತಿತ್ತು. ಮನೆಗೆ ಬಂದು ಇದನ್ನೂ ಅವನು ಮುಚ್ಚಿಡದೆ ಹೇಳಿದ. ಅವತ್ತು ನೀಲವ್ವನ ರೊಟ್ಟಿಯೆಲ್ಲ ಸೀದು ಹೋಯಿತು.

ಜೋಳ ಬಿತ್ತುವ ಹೊತ್ತಿಗೆ ಅಡಿವೆಪ್ಪ ಮುದ್ರೆ ಕೇಳಲು ಅರಮನೆಗೆ ಹೋದ. ರಾಜನಿಗೆ ತನ್ನ ಮೀಸೆಯದೇ ಚಿಂತೆ. ಎಡಮೀಸೆ, ಬಲಮೀಸೆ ಸಮ ತೂಗಬೇಕು. ತೂಗುವ ತನಕ ರಾಜ್ಯದ ಬೇರೆ ಕೆಲಸ ಇಲ್ಲ. ತೂಗಬಲ್ಲವರು ಯಾರೂ ಇರಲಿಲ್ಲವಾದ್ದರಿಂದ ಆ ರಾಜ್ಯದಲ್ಲಿ ಹನ್ನೊಂದು ವರ್ಷದಿಂದ ಬೇರೆ ಕೆಲಸ ಆಗಿರಲೇ ಇಲ್ಲ. ತಕ್ಕಡಿಯವನು ಬಂದಿದ್ದಾನೆ ಎಂದು ತಿಳಿದು ರಾಜ ಸಿಂಹಾಸನದಿಂದ ಇಳಿದು ಬಂದು ಅವನ ಕೈ ಹಿಡಿದ. ಮೀಸೆ ಸಮ ಮಾಡಿಕೊಡು, ಮುದ್ರೆ ಒಯ್ಯಿ ಎಂದ. ದೊಡ್ಡ ಕಾರು, ತೂಕದ ಕಲ್ಲು ಸಮೇತ ಅಡಿವೆಪ್ಪ ಅರಮನೆಯಲ್ಲೇ ಉಳಿದ.

ಮುಂದಿನ ಸುದ್ದಿಯೆಲ್ಲ ನೀಲವ್ವನಿಗೆ ಊಟಕ್ಕೆ ಬರುವ ಕಾರಕೂನರಿಂದ ಸಿಗುತ್ತಿತ್ತು. ಇವತ್ತು ಎಡ ಭಾರವಾಯಿತು, ಎಡದ್ದು ಒಂದು ಕೂದಲು ಕತ್ತರಿಸಿದರು. ಇವತ್ತು ಬಲ ಭಾರವಾಯಿತು, ಬಲದ್ದು ಒಂದು ಕೂದಲು ಕತ್ತರಿಸಿದರು. ಇವತ್ತು ರಾಜ ಸೀನಿದ, ಮತ್ತೆ ಮೊದಲಿನಿಂದ ತೂಗಿದರು. ಅಡಿವೆಪ್ಪನವರು ಬಹಳ ನಿಯತ್ತಿನವರು ಎಂದು ಕಾರಕೂನರು ಹೊಗಳಿ ಮಜ್ಜಿಗೆ ಕುಡಿಯುವರು. ನೀಲವ್ವ ತಲೆ ಎತ್ತದೆ ಬಡಿಸುವಳು.

ಅಕ್ಕನ ಸುದ್ದಿ ಬಸ್ಸಿನಲ್ಲಿ ಬರುತ್ತಿತ್ತು. ಕಂಡಕ್ಟರ್ ಹುಸೇನಸಾಬ ಖಾನಾವಳಿಯ ಮುಂದೆ ಬಸ್ಸು ನಿಲ್ಲಿಸಿ ಗಂಗವ್ವ ಹೇಳಿದ ಮಾತು ಮುಟ್ಟಿಸಿ ಹೋಗುವನು. ಮೊದಲು, ನೀಲಾ ಯಾವಾಗ ಬರುತ್ತಾಳೆ ಎಂದು ಕೇಳಿದ್ದಾರೆ ಎಂದ. ಆಮೇಲೆ, ಕಾರಿನ ಬಣ್ಣ ಯಾವುದು ಎಂದು ಕೇಳಿದ್ದಾರೆ ಎಂದ. ಕಾರು ನಿಲ್ಲಲು ಜಾಗ ಬೇಕಲ್ಲ ಎಂದು ಇಮಾಂಬಿಯಿಂದ ಅಂಗಳ ಗುಡಿಸಿ ಚೊಕ್ಕ ಮಾಡಿಸಿದ್ದಾರೆ ಎಂದ. ನೀಲವ್ವ ಮಾತು ಕೇಳಿಸಿಕೊಳ್ಳುವಳು. ತಿರುಗಿ ಹೇಳಿ ಕಳಿಸಲು ಆ ಕಡೆ ಹೋಗುವ ಬಸ್ಸು ಇರಲಿಲ್ಲ.

ಒಂದು ದಿನ ಹುಸೇನಸಾಬ, “ಪೆಟ್ರೋಲೋ ಡೀಸೆಲ್ಲೋ ಯಾವುದಾದ್ರೂ ನಡೀತೈತಿ ಅಂತ ಹೇಳು ಅಂದಾರ್ರಿ ಅಕ್ಕಾರ,” ಎಂದ.

ನೀಲವ್ವ ಅದನ್ನು ಚೀಟಿಯಲ್ಲಿ ಬರೆಸಿ ಕಾರಕೂನನ ಕೈಯಲ್ಲಿ ಗಂಡನಿಗೆ ಕಳಿಸಿದಳು. ಅಡಿವೆಪ್ಪ ಆ ಮಾತನ್ನು ಎರಡು ಚೀಟಿ ಮಾಡಿ, ಒಂದನ್ನು ಪೆಟ್ರೋಲಿನ ಕಡೆಗೂ ಒಂದನ್ನು ಡೀಸೆಲ್ಲಿನ ಕಡೆಗೂ ಇಟ್ಟು ತೂಗಿ ನೋಡಿದ. ಸಮ ಬಂತು. ಅಕ್ಕನ ಮಾತಿನಲ್ಲಿ ಎಳ್ಳಷ್ಟೂ ಮೋಸವಿಲ್ಲ, ಅಂಥ ಹೆಂಗಸು ಸಿಗುವುದಿಲ್ಲ, ಇನ್ನು ಸ್ವಲ್ಪವೇ ದಿನ ತಡೆದುಕೋ ಎಂದು ಉತ್ತರ ಬರೆದ. ಅವನು ಮನಸ್ಸಿನಿಂದಲೇ ಬರೆದಿದ್ದ. ಅದು ನೀಲವ್ವನಿಗೂ ಗೊತ್ತಿತ್ತು. ಗೊತ್ತಿದ್ದುದರಿಂದಲೇ ಅವಳಿಗೆ ಸಿಟ್ಟು ಮಾಡಲು ದಾರಿ ಇರಲಿಲ್ಲ.

ಆಮೇಲೆ ಮೂರು ದಿನ ಹುಸೇನಸಾಬ ಕೈ ಅಲ್ಲಾಡಿಸಿ ಹೋದ. ಇವತ್ತು ಏನೂ ಹೇಳಲಿಲ್ಲ ಎಂದ. ಮರುದಿನವೂ ಏನೂ ಹೇಳಲಿಲ್ಲ ಎಂದ. ಮೂರನೆಯ ದಿನ ಬಸ್ಸಿನಿಂದ ಇಳಿಯಲೇ ಇಲ್ಲ.

ನಾಲ್ಕನೆಯ ದಿನ ಬೆಳಿಗ್ಗೆ ನೀಲವ್ವ ನಾದಿದ ಹಿಟ್ಟನ್ನು ಹಾಗೇ ಬಿಟ್ಟು, ಒಲೆಗೆ ನೀರು ಹಾಕಿ, ಚಪ್ಪಲಿ ಮೆಟ್ಟಿ ಹೊರಟಳು. ಕಾರಕೂನರು ತಟ್ಟೆ ಮುಂದೆ ಇಟ್ಟುಕೊಂಡು ಕೂತಿದ್ದರು. ಒಂದನೆಯ ಕಲ್ಲು ದಾಟಿತು, ಎರಡನೆಯ ಕಲ್ಲು ದಾಟಿತು. ಬಿಸಿಲು ಏರಿತು. ಹತ್ತನೆಯ ಕಲ್ಲಿನ ಹತ್ತಿರ ಬಸ್ಸು ಎದುರು ಬಂತು. ಅವಳನ್ನು ಕಂಡು ನಿಂತಿತು.

ಹುಸೇನಸಾಬ ಇಳಿದು ಬಂದ. ಹೆಗಲ ಮೇಲಿನ ಟವೆಲು ತೆಗೆದು ಕೈಯಲ್ಲಿ ಹಿಡಿದುಕೊಂಡ. ಗಂಗವ್ವ ಬೆಳಗಾಗುವ ಹೊತ್ತಿಗೆ ಹೋಗಿಬಿಟ್ಟಳು ಎಂದು ನೆಲ ನೋಡುತ್ತ ಹೇಳಿದ. ಸುಸ್ತಾಗಿದ್ದೀರಿ, ಬಸ್ಸು ಹತ್ತಿರಿ, ಊರಿಗೆ ಬಿಡುತ್ತೇವೆ ಎಂದ. ಇಲ್ಲಿಂದ ಆ ಕಡೆಯೂ ಹತ್ತು, ಈ ಕಡೆಯೂ ಹತ್ತು ಎಂದ ಡ್ರೈವರ್. ಅವನ ಮಾತು ಮುಗಿಯುವ ಮೊದಲೇ ನೀಲವ್ವ ಕರಿಬಾವಿಯ ಕಡೆಗೆ ನಡೆಯತೊಡಗಿದ್ದಳು.

ಡ್ರೈವರ್ ಸ್ವಲ್ಪ ಹೊತ್ತು ಸ್ಟೇರಿಂಗ್ ಹಿಡಿದು ಕೂತ. ಆ ಬಸ್ಸಿಗೆ ಬರುವುದಷ್ಟೇ ಗೊತ್ತು, ಹೋಗುವುದು ಗೊತ್ತಿಲ್ಲ. ಕಡೆಗೆ ಅವನು ರಿವರ್ಸ್ ಗೇರು ಹಾಕಿದ. ಬಸ್ಸು ಬಾಲ ಮುಂದೆ ಮಾಡಿಕೊಂಡು, ಹಿಂದಕ್ಕೆ ಹಿಂದಕ್ಕೆ ಬಂದು ನೀಲವ್ವನ ಪಕ್ಕ ನಿಂತಿತು. ಅವಳು ಹತ್ತಿದಳು. ಹಿಂದಿನ ಸೀಟು ಈಗ ಮುಂದಿನ ಸೀಟಾಗಿತ್ತು, ಅಲ್ಲಿ ಕೂತಳು. ಕಾಯಿಪಲ್ಲೆ ಬುಟ್ಟಿ ಹೊತ್ತು ಸಂತೆಗೆ ಹೊರಟ ಜನ ಬಸ್ಸಿನ ತುಂಬ ಇದ್ದರು. ತಡವಾಯಿತು ಎಂದು ಅವರಲ್ಲಿ ಒಬ್ಬರೂ ಅನ್ನಲಿಲ್ಲ.

ಹತ್ತು ಕಿಲೋಮೀಟರು ಹಾಗೆ ಹಿಂದಕ್ಕೆ ಹೋದ ಮೇಲೆ ನೀಲವ್ವ ಕೇಳಿದಳು. “ಇದು ಹಿಂಗ ಹೋಗತೈತಿ ಅಂತ ಮದಲ ಯಾಕ ಹೇಳಲಿಲ್ಲ ಅಣ್ಣಾ?”

“ಇಷ್ಟ ದಿನ ಯಾರೂ ಕೇಳಿರಲಿಲ್ಲವ್ವ,” ಎಂದ ಹುಸೇನಸಾಬ. ಅವನ ಕಣ್ಣು ಒದ್ದೆಯಾಗಿತ್ತು.

ಗಂಗವ್ವನ ಅಂಗಳ ಚೊಕ್ಕವಾಗಿತ್ತು. ಒಂದು ಸಣ್ಣ ಕಾರು ನಿಲ್ಲುವಷ್ಟು ಜಾಗಕ್ಕೆ ಸುತ್ತ ಸುಣ್ಣದ ಗೆರೆ ಎಳೆಸಿದ್ದಳು. ಬಂದ ಜನರೆಲ್ಲ ಆ ಗೆರೆ ತುಳಿಯದೆ ಸುತ್ತಿ ಬಂದು ಗೋಡೆಯ ಪಕ್ಕ ಕೂತಿದ್ದರು. ನೀಲವ್ವ ಒಳಗೆ ಹೋಗಿ ಅಕ್ಕನ ತಲೆಯ ಹತ್ತಿರ ಕೂತು, ಇಮಾಂಬಿಯ ಕೈಯಿಂದ ಹಣಿಗೆ ಇಸಿದುಕೊಂಡು, ಗಂಟು ಬಿಡಿಸಿ ಬಿಡಿಸಿ ತಲೆ ಬಾಚಿದಳು. ಹೊತ್ತಾಯಿತು ಎಂದು ಯಾರೋ ಹೇಳಿದರು. ಇಮಾಂಬಿ ಅವರನ್ನು ಸುಮ್ಮನಿರಿಸಿದಳು. ಸಂಜೆಯ ಹೊತ್ತಿಗೆ ಎಲ್ಲ ಮುಗಿಯಿತು.

ಜೋಳದ ರಾಶಿ ಆದ ಮೇಲೆ ಅಡಿವೆಪ್ಪ ಮನೆಗೆ ಬಂದ. ರಾಜನ ಮೀಸೆಯಲ್ಲಿ ಕಡೆಗೆ ಎಡಕ್ಕೊಂದು ಬಲಕ್ಕೊಂದು ಕೂದಲು ಉಳಿದಿದ್ದವು. ಅವೂ ಸಮ ಬರಲಿಲ್ಲ. ಎರಡನ್ನೂ ತೆಗೆದರು. ಆಗ ತಕ್ಕಡಿ ನೆಟ್ಟಗೆ ನಿಂತಿತು. ರಾಜ ಬೋಳು ತುಟಿ ಸವರಿಕೊಂಡು ತುಂಬ ಹೊತ್ತು ಕಿಟಕಿಯ ಹೊರಗೆ ನೋಡಿದನಂತೆ. ಆಮೇಲೆ ಮುದ್ರೆ ಒತ್ತಿದನಂತೆ. ಕಲ್ಲು ಒಂದು ಮೊಳ ಈಚೆಗೆ ಸರಿಯಿತು. ದಾರಿ ನಲವತ್ತಕ್ಕೆ ಎರಡು ಮೊಳ ಕಡಿಮೆಯಾಯಿತು.

ಅಡಿವೆಪ್ಪ ಚಪ್ಪಲಿ ಬಿಡದೆ ಅಡುಗೆಮನೆಗೆ ಬಂದು, “ಪೆಟ್ರೋಲು, ನೀಲಾ,” ಎಂದ.

ಅವನಿಗೆ ಯಾರೂ ಹೇಳಿರಲಿಲ್ಲ. ತೂಕ ನಡೆದಿರುವಾಗ ಒಂದೇ ಕಡೆಯ ಸುದ್ದಿ ಅರಮನೆಯ ಒಳಗೆ ತರಬಾರದು ಎಂದು ಕಟ್ಟಪ್ಪಣೆ ಇತ್ತು. ಸಾವಿನ ಸುದ್ದಿಗೆ ಇನ್ನೊಂದು ಕಡೆ ಇರುವುದಿಲ್ಲ. ನೀಲವ್ವ ರೊಟ್ಟಿ ಬಡಿಯುತ್ತಲೇ ಹೇಳಿದಳು. ಅವನು ಚಪ್ಪಲಿ ಬಿಟ್ಟು ಒಲೆಯ ಹತ್ತಿರ ನೆಲದ ಮೇಲೆ ಕೂತ. ಅವಳು ಸಮಾಧಾನ ಹೇಳಲಿಲ್ಲ. ಬಯ್ಯಲೂ ಇಲ್ಲ.

ರಾಜನ ಮುದ್ರೆ ಬಿದ್ದ ಮೇಲೆ ಕಾರು ಕೊಳ್ಳದೆ ಇರುವಂತಿರಲಿಲ್ಲ. ಇಬ್ಬರೂ ಹೋದರು. ಕಾರು ಮಾರುವವನು ಮತ್ತೆ ಅದೇ ಮಾತು ಕೇಳಿದ, ದಿನಕ್ಕೆ ಎಷ್ಟು ಓಡಿಸುತ್ತೀರಿ ಎಂದು.

“ಎಲ್ಲಿಗೂ ಹೋಗೂದಿಲ್ಲ,” ಎಂದಳು ನೀಲವ್ವ.

“ಹಂಗಾದ್ರ ಪೆಟ್ರೋಲು,” ಎಂದ ಅವನು. “ವಿಚಾರ ಮಾಡೂದ ಬ್ಯಾಡ.”

ಆ ಮಾತು ಕೇಳಿ ಅಡಿವೆಪ್ಪ ಹೊಸ ಕಾರಿನ ಮೇಲೆ ಎರಡೂ ಕೈ ಊರಿ, ಜನರೆಲ್ಲ ನೋಡುತ್ತಿದ್ದಂತೆ ಅತ್ತ.

ಕಾರು ಬಂದು ಮನೆಯ ಮುಂದೆ ನಿಂತಿತು. ಎಲ್ಲಿಗೆ ಹೋಗುವುದು ಎಂದು ಅದು ದಿನಾ ಬೆಳಿಗ್ಗೆ ಕೇಳುವುದು. ಯಾರೂ ಉತ್ತರ ಕೊಡದಿದ್ದುದರಿಂದ ಕೆಲವು ದಿನಕ್ಕೆ ಕೇಳುವುದನ್ನು ಬಿಟ್ಟಿತು. ನೀಲವ್ವ ಗಂಡನಿಗೆ ಹೊತ್ತು ಹೊತ್ತಿಗೆ ಬಡಿಸುತ್ತಿದ್ದಳು. ಮಾತು ಮಾತ್ರ ಆಡುತ್ತಿರಲಿಲ್ಲ. ಅಡಿವೆಪ್ಪ ಅದನ್ನು ತಪ್ಪು ಎನ್ನಲಿಲ್ಲ.

ಹೀಗೆ ಒಂದು ವರ್ಷ ಕಳೆಯಿತು. ಒಂದು ಮಧ್ಯಾಹ್ನ ಓಣಿಯ ಆ ತುದಿಯ ಗಾಣದ ಚನಮಲ್ಲಪ್ಪ ಬಂದ. ಅವನಿಗೂ ಮನೆಗೆ ಎರಡನೆಯದೊಂದು ಸಣ್ಣ ಕಾರು ಬೇಕಿತ್ತು. ಈ ವಿಷಯದಲ್ಲಿ ನಿಮ್ಮಷ್ಟು ತಿಳಿದವರು ಇಲ್ಲವಂತೆ, ಪೆಟ್ರೋಲು ಒಳ್ಳೆಯದೋ ಡೀಸೆಲ್ ಒಳ್ಳೆಯದೋ ಎಂದು ಕೇಳಿದ. ಒಳಗೆ ನೀಲವ್ವನ ಕೈ ನಿಂತಿತು.

ಅಡಿವೆಪ್ಪ ತಕ್ಕಡಿ ಕೇಳಲಿಲ್ಲ. ದಿನಕ್ಕೆ ಎಷ್ಟು ಕಿಲೋಮೀಟರು ಎಂದೂ ಕೇಳಲಿಲ್ಲ. “ಅಲ್ಲಿ ಯಾರ ಅದಾರ್ರಿ, ದಾರಿ ನೋಡಾವ್ರು?” ಎಂದ.

ಮಗಳಿದ್ದಾಳೆ, ಹೆರಿಗೆಯಾಗಿ ಮೂರು ದಿನವಾಯಿತು, ಅವಳ ಅವ್ವ ಇನ್ನೂ ಕೂಸಿನ ಮುಖ ನೋಡಿಲ್ಲ ಎಂದ ಚನಮಲ್ಲಪ್ಪ.

ಅಡಿವೆಪ್ಪ ಸಣ್ಣ ಕಾರಿನ ಕೀಲಿ ತರಲು ಒಳಗೆ ಎದ್ದು ಬಂದ. ನೀಲವ್ವ ಅದನ್ನು ಆಗಲೇ ಕೈಯಲ್ಲಿ ಹಿಡಿದು ಬಾಗಿಲಿಗೆ ಬಂದಿದ್ದಳು. “ನೀವು ಕೂಡ್ರಿ,” ಎಂದಳು ಗಂಡನಿಗೆ. “ಅವ್ರನ್ನ ನಾ ಬಿಟ್ಟ ಬರ್ತೀನಿ.” ವರ್ಷಕ್ಕೆ ಅದೇ ಮೊದಲ ಮಾತು. ಹೋಗಿ ಚನಮಲ್ಲಪ್ಪನ ಹೆಂಡತಿಯನ್ನು ಹತ್ತಿಸಿಕೊಂಡು ಕಾರು ಬಿಟ್ಟಳು. ಆ ಊರು ಎಷ್ಟು ದೂರ ಎಂದು ಯಾರೂ ಕೇಳಲಿಲ್ಲ.

ಇದರಲ್ಲಿ ನೀತಿ ಏನು ಅಂದಿರಾ? ಪೆಟ್ರೋಲಿನವರಿಗೆ ಒಂದು ನೀತಿ, ಡೀಸೆಲ್ಲಿನವರಿಗೆ ಒಂದು ನೀತಿ. ನಡೆದು ಬಂದವರಿಗೆ ಯಾವ ನೀತಿಯೂ ಇಲ್ಲ. ಕತೆ ಇಲ್ಲಿಗೆ ಇಳಿಯಿತು. ನೀವೂ ಎದ್ದು, ಬಟ್ಟೆ ಕೊಡವಿಕೊಂಡು, ನಿಮ್ಮ ನಿಮ್ಮ ಮನೆಗೆ ಹೊರಡಿರಿ. ಯಾರಾದರೂ ಕಾಯುತ್ತಿದ್ದರೆ ಸ್ವಲ್ಪ ಬೇಗ ಹೊರಡಿರಿ.